ನುಣ್ಣನೆ ಮರಳು

ಗಿಣಿ ಎಡಗಾಲಿನ ಶೂವನ್ನು ಬಲಗಾಲಿಗೂ ಬಲಗಾಲಿನದನ್ನು ಎಡಗಾಲಿಗೂ ಹಾಕಿಕೊಂಡು, ಮನೆಯಲ್ಲಿ ಎಲ್ಲರಿಗಿಂತ ಮೊದಲು ಸಿದ್ಧವಾದವಳು ತಾನೇ ಎಂಬ ಠೀವಿಯಿಂದ ಬಾಗಿಲಲ್ಲಿ ನಿಂತಿದ್ದಳು. ಅವನು ಮಂಡಿಯೂರಿ ಕೂತು ಎರಡನ್ನೂ ಬಿಚ್ಚಿ, ಬದಲಿಸಿ, ಲೇಸು ಬಿಗಿದ. ಏಳು ತುಂಬಿದ ಮಗಳು. ಅವನೋ ಶಾಲೆಯ ಡ್ರಿಲ್ ಮೇಷ್ಟ್ರು. ಎಡ-ಬಲ, ಎಡ-ಬಲ ಎಂದು ಊರ ಮಕ್ಕಳಿಗೆಲ್ಲ ಕೂಗಿ ಕೂಗಿ ಗಂಟಲು ಒಡೆದುಕೊಂಡವನು. ಈ ಎರಡು ಪುಟ್ಟ ಪಾದಗಳ ಮುಂದೆ ಮಾತ್ರ ಅವನ ವಿದ್ಯೆ ನಡೆಯುತ್ತಿರಲಿಲ್ಲ. "ಇದು ಎಡ, ಇದು ಬಲ. ಗೊತ್ತಾಯ್ತಾ?" ಎಂದ. ಗಿಣಿ ತಲೆಯಾಡಿಸಿದಳು. ತಲೆಯಾಡಿಸುವುದನ್ನು ಮಾತ್ರ ಚೆನ್ನಾಗಿ ಕಲಿತುಬಿಟ್ಟಿದ್ದಾಳೆ ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಒಳಗಿನಿಂದ ಹೆಂಡತಿ, "ರೀ, ಕೈ ತೊಳೆಸಿದ್ರಾ ಅವಳಿಗೆ?" ಎಂದು ಕೇಳಿದಳು. ತೊಳೆಸಿಯಾಗಿತ್ತು. ಆದರೂ ಅವಳು ಬಂದು ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಉಗುರಿನ ಸಂದಿಗಳನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಆಸ್ಪತ್ರೆಯವರು ಹೇಳಿದ ದಿನದಿಂದ ಹೀಗೆಯೇ. ಗಿಣಿಯ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಅವನು ಹೊಸ್ತಿಲ ಮೇಲೆ ನಿಂತು ನೀರಿನ ಸದ್ದು ಕೇಳಿಸಿಕೊಂಡ. ಸಾಕು ಬಿಡೇ ಎನ್ನಬೇಕೆಂದುಕೊಂಡು ಬಾಯಿ ತೆರೆದವನು, ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಹೇಳಿದ.

ಗಿಣಿ ಎಂಬ ಹೆಸರಿಟ್ಟದ್ದು ಅತ್ತೆ. ನಡೆಯುವುದಕ್ಕೆ ಮೊದಲೇ ಮಾತು ಕಲಿತ ಮಗು ಅದು. ಬೀದಿಯಲ್ಲಿ ಪಾತ್ರೆ ಮಾರುವವನ ಕೂಗನ್ನು ಕೇಳಿದ ಮರುಗಳಿಗೆಯಲ್ಲೇ ಅದೇ ರಾಗದಲ್ಲಿ ಒಪ್ಪಿಸಿ, ಪಕ್ಕದ ಮನೆಯವಳು ಪಾತ್ರೆ ಕೊಳ್ಳಲು ಹೊರಗೆ ಬರುವಂತೆ ಮಾಡಿದ್ದಳು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇದು ಮಗು ಅಲ್ಲ ಕಣೇ, ಗಿಣಿ," ಎಂದಿದ್ದರು. ಅತ್ತೆ ತೀರಿಕೊಂಡರು, ಹೆಸರು ಉಳಿಯಿತು. ಈಗ ಆ ಹೆಸರಿನಿಂದ ಕರೆದಾಗಲೆಲ್ಲ ಯಾರೋ ಅವಳನ್ನು ಅಣಕಿಸಿದಂತಾಗುತ್ತದೆ. ಹೋದ ವರ್ಷ ಬರುತ್ತಿದ್ದ ಅಕ್ಷರಗಳು ಈ ವರ್ಷ ಬರುವುದಿಲ್ಲ. ಅಂಗಡಿಗೆ ಕಳಿಸಿದರೆ ಅರ್ಧ ದಾರಿಯಲ್ಲಿ ನಿಂತು, ಏನು ತರಬೇಕೆಂಬುದು ಮರೆತು, ಯಾರಾದರೂ ಬಂದು ಹೇಳಲಿ ಎಂದು ಕಾಯುತ್ತಾಳೆ. ಅಳುವುದೂ ಇಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಮೊದಮೊದಲು ಅವನು ರೇಗುತ್ತಿದ್ದ. ಒಮ್ಮೆ ತಲೆಯ ಮೇಲೆ ಮೊಟಕಿಯೂ ಇದ್ದ, ಬೇಕೆಂತಲೇ ಮಾಡುತ್ತಾಳೆ ಎಂದುಕೊಂಡು. ಬಸ್ ನಿಲ್ದಾಣದಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟಾಗ, ಮೊಟಕಿದ್ದು ಇದೇ ಜಾಗಕ್ಕೆ ಎಂಬುದು ಕೈಗೇ ನೆನಪಾಯಿತು. ಗಿಣಿ ಕತ್ತೆತ್ತಿ ಅವನನ್ನು ನೋಡಿ ನಕ್ಕಳು, ಸುಮ್ಮನೆ.

ಬಸ್ಸು ಶಾಲೆಯ ಮುಂದೆ ಹಾದುಹೋಗುವಾಗ ಬೇರೆ ಕಡೆ ನೋಡಬೇಕೆಂದು ಅವನು ಮನೆಯಲ್ಲೇ ನಿಶ್ಚಯಿಸಿಕೊಂಡಿದ್ದ, ಆದರೆ ನೋಡಿದ. ಮೈದಾನದ ಮೂಲೆಯಲ್ಲಿ ಲಾಂಗ್ ಜಂಪಿನ ಗುಂಡಿ. ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಹೇರಿದ್ದವನು ಅವನೇ. ಇರುವೆ ಗೂಡು ಕಟ್ಟಿವೆ, ಔಷಧಿ ಹಾಕಿದ್ದೇನೆ, ಯಾರೂ ಇಳಿಯಬೇಡಿ ಎಂದು ಮಕ್ಕಳಿಗೆ ಹೇಳಿದ್ದ. ಹೆಡ್‌ಮೇಡಂಗೂ ಅದನ್ನೇ ಹೇಳಿದ್ದ. ಒಂದು ಕಡೆಯ ಕಲ್ಲು ಉರುಳಿ, ಗಾಳಿಗೆ ಟಾರ್ಪಾಲಿನ ಅಂಚು ಏಳುತ್ತಾ ಬೀಳುತ್ತಾ ಇತ್ತು. ಶಾಲೆಯ ಹಿಂದೆ, ಬೇಲಿಯಾಚೆ, ಬೂದಿದಿಬ್ಬ. ಅದು ದಿಬ್ಬವೇನಲ್ಲ, ಹಿಂದೆ ಇಲ್ಲಿ ಗಣಿಯಿದ್ದ ಕಾಲದಲ್ಲಿ ಕಲ್ಲನ್ನು ಪುಡಿ ಮಾಡಿ ಬೇಕಾದ್ದನ್ನು ತೆಗೆದುಕೊಂಡು ಬೇಡವಾದ್ದನ್ನು ಸುರಿದು ಹೋದ ರಾಶಿ. ಗಣಿಯವರು ಹೋದರು, ಯಂತ್ರಗಳನ್ನೂ ಬಿಚ್ಚಿ ಒಯ್ದರು, ಬೂದು ಬಣ್ಣದ ಪುಡಿ ಮಾತ್ರ ಊರಿಗೆ ಉಳಿಯಿತು. ಊರವರು ಅದನ್ನು ಸುಮ್ಮನೆ ಬಿಡಲಿಲ್ಲ. ಅಂಗಳಕ್ಕೆ ಹರಡಿದರು, ಪಾತ್ರೆ ಉಜ್ಜಿದರು, ಮಕ್ಕಳು ಅದರ ಇಳಿಜಾರಿನಲ್ಲಿ ರಟ್ಟಿನ ಮೇಲೆ ಕೂತು ಜಾರಿದರು. ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಗುಂಡಿಯಲ್ಲಿ ಇದ್ದದ್ದು ಹರಳು ಹರಳಾದ ದಪ್ಪ ಮರಳು. ಒಂದು ಮಳೆ ಬಿದ್ದರೆ ಗಟ್ಟಿಯಾಗಿ ಮಕ್ಕಳ ಮಂಡಿ ಕಿತ್ತು ಬರುತ್ತಿತ್ತು. ದಿಬ್ಬದಿಂದ ಗಾಡಿಗಟ್ಟಲೆ ಪುಡಿ ತರಿಸಿ, ತಾನೇ ಜರಡಿ ಹಿಡಿದು, ಗುಂಡಿ ತುಂಬಿಸಿದ್ದ. ಎಂಥ ನುಣುಪು! ಅಂಗೈಯಲ್ಲಿ ಹಿಡಿದರೆ ನೀರಿನಂತೆ ಜಾರುತ್ತಿತ್ತು. ಬಿದ್ದವರಿಗೆ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ, ಹಿಮ್ಮಡಿಯ ಗುರುತು ಮಾತ್ರ ಚಾಕುವಿನಲ್ಲಿ ಕೊರೆದ ಹಾಗೆ ಮೂಡುತ್ತಿತ್ತು. ಪಂದ್ಯಕ್ಕೆ ಬಂದಿದ್ದ ದೊಡ್ಡ ತರಬೇತುದಾರರೊಬ್ಬರು, "ಗುಂಡಿ ಅಲ್ಲ ಮೇಷ್ಟ್ರೇ ಇದು, ಹಾಸಿಗೆ," ಎಂದು ಬೆನ್ನು ತಟ್ಟಿದ್ದರು. ಇದರಲ್ಲಿ ಹುಲ್ಲು ಹುಟ್ಟಲ್ಲ ಸಾರ್, ಕಳೆ ಕೀಳೋ ರಗಳೆಯೇ ಇಲ್ಲ ಎಂದು ಇವನು ಬೀಗಿದ್ದ. ಹುಲ್ಲು ಹುಟ್ಟದ ಮಣ್ಣನ್ನು ಕಂಡು ಖುಷಿಪಟ್ಟ ಮೂರ್ಖ ತಾನೊಬ್ಬನೇ ಇರಬೇಕು ಈ ಪ್ರಪಂಚದಲ್ಲಿ. ಯಾರಿಗೂ ಗೊತ್ತಿರಲಿಲ್ಲ, ಊರಿಗೆ ಊರೇ ಗೊತ್ತಿಲ್ಲದೆ ಇತ್ತು ಎಂದು ಎಷ್ಟು ಸಲ ಹೇಳಿಕೊಂಡರೂ, ದಿಬ್ಬದ ಮೇಲೆ ಒಂದು ಮೇಕೆಯೂ ಮೇಯುತ್ತಿರಲಿಲ್ಲವಲ್ಲ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಗಿಣಿ ಮೈದಾನ ಕಂಡದ್ದೇ ಗಾಜಿಗೆ ಮೂಗೊತ್ತಿ, "ಅಪ್ಪ, ಗುಂಡಿ," ಎಂದಳು. "ಸುಮ್ನೆ ಕೂತ್ಕೋ," ಎಂದ, ಸ್ವಲ್ಪ ಜೋರಾಗಿಯೇ. ಹೆಂಡತಿ ತಿರುಗಿ ನೋಡಿ, "ಯಾಕ್ರೀ ಗದರಿಸ್ತೀರಾ? ಅವಳಾಗಿ ಒಂದು ಮಾತಾಡೋದೇ ಅಪರೂಪ," ಎಂದಳು.

ಹೆಂಡತಿಗೆ ಮುದ್ರಣಾಲಯದಲ್ಲಿ ಪುಸ್ತಕದ ಹಾಳೆ ಹೊಲಿಯುವ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ಅತ್ತೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವನು ಮೈದಾನಕ್ಕೇ ಕರೆದೊಯ್ಯತೊಡಗಿದ. ಎರಡು ವರ್ಷದ ಮಗು ಸುಮ್ಮನಿರುತ್ತದೆಯೇ? ಓಡುವ ಹುಡುಗರ ಕಾಲಿಗೆ ಸಿಗುತ್ತಿತ್ತು. ಗುಂಡಿಯ ಅಂಚಿನಲ್ಲಿ ಕೂರಿಸಿದ ಮೇಲೆ ತಣ್ಣಗಾಯಿತು. ಪ್ರತಿ ಜಿಗಿತ ಮುಗಿದ ಮೇಲೆ ಮರಳನ್ನು ಮಟ್ಟ ಮಾಡಬೇಕು, ಇಲ್ಲದಿದ್ದರೆ ಮುಂದಿನವನ ಗುರುತು ಹಿಂದಿನವನದರ ಜೊತೆ ಕಲೆಸಿಹೋಗುತ್ತದೆ. ಹುಡುಗರು ಹಲಗೆಯಿಂದ ಎಳೆದು ಹೋದರೂ ಅಲ್ಲಲ್ಲಿ ಗೀರು ಉಳಿಯುತ್ತಿತ್ತು. ಒಂದು ದಿನ ಗಿಣಿ ತಾನಾಗಿಯೇ ತೆವಳಿಕೊಂಡು ಹೋಗಿ ಆ ಗೀರುಗಳನ್ನು ಅಂಗೈಯಿಂದ ಸವರಿದಳು. ಅವನಿಗೆ ಹಿಗ್ಗೋ ಹಿಗ್ಗು. ಡ್ರಿಲ್ ಮೇಷ್ಟ್ರ ಮಗಳಲ್ಲವೇ! ಅಂದಿನಿಂದ ಅದು ಅವಳ ಕೆಲಸವಾಯಿತು. ಕಲಿಸುವುದೆಂದರೆ ಅವನಿಗೆ ಅರೆಬರೆಯಾಗಿ ಬರುವುದಿಲ್ಲ. ದೂರದ ಅಂಚಿನಿಂದ ಶುರು ಮಾಡಬೇಕು, ಅಂಗೈ ಚಪ್ಪಟೆ ಇರಬೇಕು, ಹಿಂದೆ ಹಿಂದೆ ಸರಿಯುತ್ತಾ ಬರಬೇಕು, ತನ್ನ ಮಂಡಿಯ ಗುರುತನ್ನೂ ಅಳಿಸಬೇಕು, ಕೊನೆಗೆ ಮೂಲೆಗಳನ್ನು ಕೈಯ ಅಂಚಿನಿಂದ ಒತ್ತಬೇಕು. ಆಮೇಲೆ ಎದ್ದು, ಕೈ ಹಿಂದೆ ಕಟ್ಟಿ ನಿಂತು, ಬಾಯಿ ತೆರೆಯಬೇಕು. ಮಟ್ಟ ಸರಿಯಾಗಿದ್ದರೆ ಅವನು ಜೇಬಿನಿಂದ ಪೆಪ್ಪರಮೆಂಟು ತೆಗೆದು ನಾಲಿಗೆಯ ಮೇಲಿಡುತ್ತಿದ್ದ. ಸರಿಯಿಲ್ಲದಿದ್ದರೆ ಬರಿಗೈ ತೋರಿಸಿ, "ಊಹೂಂ, ಇನ್ನೊಂದ್ಸಲ," ಎನ್ನುತ್ತಿದ್ದ. ಅವಳು ಗೊಣಗದೆ ಮತ್ತೆ ಇಳಿಯುತ್ತಿದ್ದಳು. ಪೆಪ್ಪರಮೆಂಟು ಅಂಟಾಗಿ ಬಾಯಿಂದ ಜಾರಿದರೆ ಅದೇ ಕೈಯಿಂದ ಹಿಡಿದು ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಬೆರಳನ್ನೂ ಚೀಪುತ್ತಿದ್ದಳು. ತುಟಿಯ ಸುತ್ತ ಬೂದು ಬಣ್ಣದ ಮೀಸೆ. ಹುಡುಗರೆಲ್ಲ, "ಸಾರ್, ಗಿಣಿಗೆ ಮೀಸೆ ಬಂತು!" ಎಂದು ಕುಣಿಯುತ್ತಿದ್ದರು. ಅವನೂ ನಕ್ಕಿದ್ದ. ಸಂಜೆ ಹೆಂಡತಿ ಬರುವ ಮೊದಲು ಒದ್ದೆ ಟವೆಲಿನಿಂದ ಆ ಮೀಸೆಯನ್ನು ಒರೆಸಿಬಿಡುತ್ತಿದ್ದ. ಮಗುವನ್ನು ಮಣ್ಣಲ್ಲಿ ಬಿಟ್ಟಿದ್ದೀರಾ ಎಂದು ಅವಳು ಕೂಗಾಡಿಯಾಳು ಎಂಬಷ್ಟೇ ಅಂಜಿಕೆಗೆ. ವರ್ಷಗಳು ಹೀಗೇ ಕಳೆದವು, ಸುಖವಾಗಿ.

ಆಸ್ಪತ್ರೆಯ ಹೊರಕೋಣೆಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಎಲ್ಲ ಅವನ ಊರಿನವೇ ಮುಖಗಳು, ಅವನದೇ ಶಾಲೆಯ ಮಕ್ಕಳು. ಶಿಬಿರ ಮಾಡಿ ಸಣ್ಣ ಮಕ್ಕಳ ರಕ್ತ ತೆಗೆದುಕೊಂಡು ಹೋದವರು ಎಷ್ಟೋ ಮಕ್ಕಳ ಮೈಯಲ್ಲಿ ದಿಬ್ಬದ ಪುಡಿಯ ಸೀಸವಿದೆ, ಅದು ಬುದ್ಧಿಯನ್ನು ಮಂಕಾಗಿಸುತ್ತದೆ ಎಂದು ಹೇಳಿ ಕಳಿಸಿದ್ದರು. ಎಲ್ಲರಿಗಿಂತ ಹೆಚ್ಚು ಗಿಣಿಗೆ. ಜೀವಮಾನವೆಲ್ಲ ಟೇಪು ಹಿಡಿದು ಅಂಕಿ ಹೆಚ್ಚಾದರೆ ಚಪ್ಪಾಳೆ ತಟ್ಟಿದವನಿಗೆ ಆ ಅಂಕಿಯ ಅರ್ಥ ಇಳಿಯಲು ಸ್ವಲ್ಪ ಹೊತ್ತು ಬೇಕಾಗಿತ್ತು. ಮೊದಲ ಸಲ ಡಾಕ್ಟರಮ್ಮ ಕೇಳಿದ್ದರು, ಮಗು ಎಲ್ಲಿ ಆಡುತ್ತೆ, ಏನು ತಿನ್ನುತ್ತೆ, ದಿಬ್ಬದ ಮಣ್ಣು ಮನೆ ಹತ್ತಿರ ಎಲ್ಲಾದರೂ ಇದೆಯಾ? ಅವನು ಮಾತು ಹುಡುಕುತ್ತಿದ್ದಾಗಲೇ ಹೆಂಡತಿ ಅಳುತ್ತಾ, "ಹಿತ್ತಲಲ್ಲಿ ಸೊಪ್ಪು ಹಾಕಿದೀನಿ ಡಾಕ್ಟ್ರೇ. ಪಾತಿಗೆ ಆ ಕಡೆಯಿಂದಲೇ ಮಣ್ಣು ತಂದಿದ್ದೆ. ದಿನಾ ಅದನ್ನೇ ತಿನ್ನಿಸಿದೀನಿ, ನನ್ನ ಕೈಯಾರೆ," ಎಂದುಬಿಟ್ಟಳು. ಇರಬಹುದು ಎಂದರು ಡಾಕ್ಟರಮ್ಮ. ಇರಬಹುದು ಎಂಬ ಆ ಒಂದು ಮಾತಿನ ಮರೆಯಲ್ಲಿ ಅವನು ಕೂತುಬಿಟ್ಟ. ಮನೆಗೆ ಹೋದಮೇಲೆ ಹೇಳೋಣ, ನಾಳೆ ಹೇಳೋಣ. ಮನೆಗೆ ಹೋದಮೇಲೆ ಅವಳು ಸೀರೆಯ ಸೆರಗು ಸಿಕ್ಕಿಸಿ ಸೊಪ್ಪಿನ ಪಾತಿಯನ್ನೆಲ್ಲ ಬೇರುಸಹಿತ ಕಿತ್ತಳು. ಅವನೂ ಗುದ್ದಲಿ ಹಿಡಿದು ಪಕ್ಕದಲ್ಲಿ ಅಗೆದ. ಅಗೆಯುತ್ತಾ ಅವಳು, "ನಾನು ತಾಯಿ ಅಲ್ಲ ರೀ," ಎಂದಳು. ಆಗ ಹೇಳಬೇಕಿತ್ತು. ಅವನು ಅವಳ ಬೆನ್ನು ಸವರಿ, "ನಿನಗೇನು ಗೊತ್ತಿತ್ತು, ಬಿಡು," ಎಂದು ಕ್ಷಮಿಸಿದ. ಕ್ಷಮಿಸಿದ! ಆ ಮಾತು ನೆನಪಾದಾಗಲೆಲ್ಲ, ತುಂಬಿದ ಬೆಂಚಿನ ಮೇಲೂ, ಅವನ ಕಿವಿ ಬಿಸಿಯಾಗುತ್ತಿತ್ತು.

"ಮೇಷ್ಟ್ರಲ್ವಾ?" ಎಂದು ಎದುರು ಬೆಂಚಿನಿಂದ ಹಾಲಿನ ಬೂತಿನವಳು ಎದ್ದು ಬಂದಳು. ತೊಡೆಯ ಮೇಲಿದ್ದ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು, ಅವನ ಹೆಂಡತಿಯ ಕಡೆ ತಿರುಗಿ, "ನಿಮ್ಮೆಜಮಾನ್ರು ಇಲ್ದಿದ್ರೆ ನಮ್ಮ ಹುಡುಗ ಎಲ್ಲಿ ಮೆಡಲ್ ನೋಡ್ತಿದ್ದ ತಾಯಿ! ದಿನಾ ಕತ್ತಲಾಗೋವರೆಗೂ ಆ ಗುಂಡಿಯಲ್ಲೇ ಬಿದ್ದಿರ್ತಿದ್ದ. ಇವರ ಗುಂಡಿ ಅಂದ್ರೆ ಅವನಿಗೆ ಪ್ರಾಣ," ಎಂದಳು. ಅವನು ಎದ್ದು ನಿಂತು ಕೈ ಮುಗಿದ. ಯಾಕೆ ಮುಗಿದೆ ಎಂಬುದು ಅವನಿಗೇ ತಿಳಿಯಲಿಲ್ಲ. "ಈಗ ಏನ್ಮಾಡ್ತಿದಾನೆ?" ಎಂದು ಹೆಂಡತಿ ಸೌಜನ್ಯಕ್ಕೆ ಕೇಳಿದಳು. ಹಾಲಿನ ಬೂತಿನವಳ ಮುಖ ಸಣ್ಣಗಾಯಿತು. "ಏನೋಪ್ಪ. ಎಲ್ಲೂ ನಿಲ್ಲಲ್ಲ. ಮೊನ್ನೆನೂ ಕೆಲಸ ಬಿಟ್ಟು ಬಂದ. ತಲೆ ಸಿಡಿಯುತ್ತೆ, ಏನೂ ನೆನಪಿರಲ್ಲ ಅಂತಾನೆ. ಮಾತೆತ್ತಿದ್ರೆ ಕೋಪ. ಮುಂಚೆ ಹಸು ಹಾಗಿದ್ದ, ನಿಮಗೇ ಗೊತ್ತಲ್ಲ ಮೇಷ್ಟ್ರೇ." ಗೊತ್ತಿತ್ತು. ಓಡಿಬಂದು ಹಾರಿದರೆ ಗಾಳಿಯಲ್ಲಿ ಒಂದು ಕ್ಷಣ ನಿಂತೇಬಿಡುತ್ತಿದ್ದ ಹುಡುಗ. ಬಿದ್ದು ಎದ್ದು ಬಾಯಲ್ಲಿದ್ದ ಮರಳನ್ನು ಉಗುಳಿ ಹಲ್ಲು ಬಿಡುತ್ತಿದ್ದ. ಆ ಹುಡುಗನಿಗೂ ಇದಕ್ಕೂ ಸಂಬಂಧವಿಲ್ಲ, ದೊಡ್ಡವನಾಗಿದ್ದ, ಅವರ ಮನೆತನವೇ ಕೋಪಿಷ್ಠರದು ಎಂದು ಅವನು ಲೆಕ್ಕ ಹಾಕತೊಡಗಿದ. ಲೆಕ್ಕ ಕೂಡಿಬರುವ ಮೊದಲೇ ಒಳಗಿನಿಂದ ಗಿಣಿಯ ಹೆಸರು ಕೂಗಿದರು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಳಿದಿದೆ," ಎಂದರು. ಹೆಂಡತಿ ಅವನ ತೋಳು ಹಿಡಿದುಕೊಂಡಳು. "ಆದ್ರೆ ಇಳೀಬೇಕಾದಷ್ಟು ಇಳಿದಿಲ್ಲಮ್ಮ. ಸೊಪ್ಪು ನಿಲ್ಲಿಸಿ ಇಷ್ಟು ದಿನ ಆಯ್ತು. ಇನ್ನೂ ಎಲ್ಲಿಂದಲೋ ಸ್ವಲ್ಪ ಸ್ವಲ್ಪ ಒಳಗೆ ಹೋಗ್ತಾ ಇದೆ. ಹೋಗಿರೋದನ್ನ ವಾಪಸ್ ತರೋಕೆ ನಮ್ಮ ಕೈಯಲ್ಲಾಗಲ್ಲ, ಮುಚ್ಚುಮರೆ ಇಲ್ದೆ ಹೇಳ್ತಿದೀನಿ. ಇರೋದನ್ನ ಉಳಿಸ್ಕೋಬೇಕು. ಸರಿಯಾಗಿ ಯೋಚನೆ ಮಾಡಿ, ಬೇರೆ ಏನಾದ್ರೂ ಇದೆಯಾ?" ಹೆಂಡತಿ ಯೋಚಿಸಿದಳು. ಬಾವಿ ನೀರು ಎಂದಳು, ತನ್ನ ಅಮ್ಮ ಕೊಟ್ಟ ಹಳೇ ಪಾತ್ರೆ ಎಂದಳು, ಬಸುರಿಯಿದ್ದಾಗ ತಾನು ದಿಬ್ಬದ ಪಕ್ಕದ ದಾರಿಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ ಎಂದಳು. ತನ್ನ ಬದುಕನ್ನೆಲ್ಲ ಜಾಲಾಡಿ ಒಂದೊಂದೇ ತಪ್ಪು ತಂದು ಡಾಕ್ಟರ ಮೇಜಿನ ಮೇಲಿಡುತ್ತಿದ್ದಳು. ಅವನಿಗೆ ಮನೆಯ ಗೋಡೆಯ ಮೊಳೆ ಕಾಣಿಸಿತು. ಮೊಳೆಗೆ ನೇತುಹಾಕಿದ ಅವನ ಕ್ಯಾನ್ವಾಸ್ ಚೀಲ. ಅದರಲ್ಲಿ, ವರ್ಷಗಟ್ಟಲೆ ಗುಂಡಿಯ ಮರಳಿನಲ್ಲಿ ಎಳೆದಾಡಿದ ಅಳತೆ ಟೇಪು. ಸಂಜೆ ಹೊತ್ತು ಗಿಣಿ ಅದನ್ನು ಪೂರ್ತಿ ಎಳೆದು, ಸುತ್ತಿ, ಮತ್ತೆ ಎಳೆದು ಆಡುತ್ತಾಳೆ. ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾಳೆ. ಮೈದಾನಕ್ಕೆ ಹಾಕುವ ಅವನ ಶೂ, ಬಾಗಿಲ ಮೂಲೆಯಲ್ಲಿ. ಬಾಯಲ್ಲಿ ಮಾತು ಬಂದು ನಿಂತಿತ್ತು. ಗುಂಡಿ ಎಂದು ಶುರು ಮಾಡಿದರೆ ಸಾಕು, ಉಳಿದದ್ದು ತಾನಾಗಿ ಹೊರಬರುತ್ತದೆ. ಆಮೇಲೆ ಇವಳು ತನ್ನ ಮುಖ ನೋಡುತ್ತಾಳೆ, ಹೊರಗಿನ ಬೆಂಚುಗಳೆಲ್ಲ ನೋಡುತ್ತವೆ. "ಮೇಷ್ಟ್ರೇ, ನಿಮಗೇನಾದ್ರೂ ಹೊಳೆಯುತ್ತಾ? ಮರಳಲ್ಲಿ ಗಿರಳಲ್ಲಿ ಆಡ್ತಾಳಾ?" ಎಂದರು ಡಾಕ್ಟರಮ್ಮ. "ಇಲ್ಲ," ಎಂದ. ಧ್ವನಿ ಸಹಜವಾಗಿಯೇ ಬಂತು. ಮನೆಗೆ ಹೋದ ಕೂಡಲೇ ಚೀಲವನ್ನು ಯಾರಿಗೂ ಕಾಣದ ಹಾಗೆ ಎಲ್ಲಾದರೂ ಎಸೆದುಬಿಡುವುದು, ಶೂ ಕೂಡ, ಎಂದುಕೊಂಡ. ಅಲ್ಲಿಗೆ ಎಲ್ಲ ಸರಿಹೋಗುತ್ತದೆ.

ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಆಟವಾಡಿಸಿ ಅವರ ಬುದ್ಧಿ ಎಷ್ಟು ಉಳಿದಿದೆ ಎಂದು ನೋಡುವ ಟೀಚರ್ ಒಬ್ಬಳಿದ್ದಳು. ನಗುಮುಖದ ಚಿಕ್ಕ ವಯಸ್ಸಿನವಳು. ಚಿತ್ರ ತೋರಿಸಿದಳು, ಗಿಣಿ ಒಂದೆರಡಕ್ಕೆ ಹೆಸರು ಹೇಳಿ ಸುಮ್ಮನಾದಳು. ಮಣಿ ಪೋಣಿಸಲು ಕೊಟ್ಟಳು. ದಾರ ಬೆರಳಿಗೆ ಸುತ್ತಿಕೊಂಡಿತು. ಗೋಡೆಗೆ ಆತು ಕೂತಿದ್ದ ತಂದೆ ತಾಯಿ ಇಬ್ಬರೂ, ತಮ್ಮದೇ ಪರೀಕ್ಷೆಯೆಂಬಂತೆ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಟೀಚರ್ ಅಗಲವಾದ ಒಂದು ತಟ್ಟೆಯನ್ನು ನೆಲದ ಮೇಲಿಟ್ಟಳು. ತುಂಬ ಪುಡಿ ಉಪ್ಪು. "ಪುಟ್ಟಿ, ಇದರಲ್ಲಿ ಬೆರಳಾಡಿಸಿದ್ರೆ ಅಕ್ಷರ ಮೂಡುತ್ತೆ, ನೋಡು," ಎಂದು ತಾನೇ ಒಂದು ಅ ಬರೆದು ತೋರಿಸಿದಳು. "ಈಗ ನೀನು ಬರಿ."

ಗಿಣಿ ತಟ್ಟೆಯನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು. ಎಷ್ಟೋ ತಿಂಗಳಿಂದ ಕಾಣದಿದ್ದ, ಅವನು ಮರೆತೇಬಿಟ್ಟಿದ್ದ ಆ ಹಳೆಯ ಚುರುಕು. ಅವಳು ಮಂಡಿಯೂರಿದಳು. ಅಂಗೈಯನ್ನು ಚಪ್ಪಟೆ ಮಾಡಿ, ದೂರದ ಅಂಚಿನಲ್ಲಿಟ್ಟು, ಅಕ್ಷರವನ್ನು ಅಳಿಸುತ್ತಾ ತನ್ನ ಕಡೆಗೆ ಸವರಿಕೊಂಡು ಬಂದಳು. ಅವಸರವಿಲ್ಲ, ತಡವರಿಕೆಯಿಲ್ಲ. ಲೇಸು ಕಟ್ಟಲು ಬಾರದ, ಮಣಿ ಪೋಣಿಸಲು ಬಾರದ ಕೈ ಅದೇ ಎಂದು ಯಾರೂ ಹೇಳುವಂತಿರಲಿಲ್ಲ. ಮೂಲೆಗಳನ್ನು ಕೈಯ ಅಂಚಿನಿಂದ ಒತ್ತಿದಳು. ತಟ್ಟೆಯ ತುದಿಗೆ ಕೆನ್ನೆಯಿಟ್ಟು, ಎಲ್ಲಾದರೂ ಉಬ್ಬು ತಗ್ಗು ಉಳಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದಳು. ಅದನ್ನೂ ಕಲಿಸಿದವನು ಅವನೇ. ಅವನಿಗೆ ಎದ್ದು ಹೋಗಿ ಆ ತಟ್ಟೆಯನ್ನು ಒದೆಯಬೇಕೆನ್ನಿಸಿತು. "ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದೆ!" ಎಂದು ಟೀಚರ್ ನಿಜವಾಗಿಯೂ ಸಂತೋಷದಿಂದ ಕೈ ತಟ್ಟಿದಳು. "ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು ನಿನಗೆ?"

"ಅಪ್ಪ," ಎಂದಳು ಗಿಣಿ, ತಡೆಯಿಲ್ಲದೆ. "ಗುಂಡೀಲಿ. ಮರಳು ಮಟ್ಟ ಮಾಡಿದ್ರೆ ಪೆಪ್ಪರಮೆಂಟು."

ಅಂದು ಅವಳು ಆಡಿದ ಅತಿ ಉದ್ದದ ಮಾತು ಅದು. ಎದ್ದಳು. ನೇರವಾಗಿ ಅವನ ಮುಂದೆ ಬಂದು, ಕೈಗಳನ್ನು ಹಿಂದೆ ಕಟ್ಟಿ, ಕತ್ತೆತ್ತಿ, ಬಾಯಿ ತೆರೆದು ನಿಂತಳು.

ಅವನು ಹೆಂಡತಿಯ ಕಡೆ ತಿರುಗಲಿಲ್ಲ, ತಿರುಗದೆಯೂ ಅವಳು ಒಂದೊಂದನ್ನೇ ಜೋಡಿಸಿಕೊಳ್ಳುತ್ತಿರುವುದು ತಿಳಿಯುತ್ತಿತ್ತು: ನೀಲಿ ಟಾರ್ಪಾಲು, ಬಸ್ಸಿನಲ್ಲಿ ಗದರಿದ್ದು, ಹಾಲಿನ ಬೂತಿನವಳ ಮಾತು, ಈಗಷ್ಟೇ ಡಾಕ್ಟರಿಗೆ ಇಲ್ಲ ಎಂದದ್ದು. ಸೊಪ್ಪಿನ ಪಾತಿಯ ಪಕ್ಕದಲ್ಲಿ ತನ್ನ ಬೆನ್ನು ಸವರಿದ ಕೈ. ಅವಳು ಅಳಬಹುದು, ಕಿರುಚಬಹುದು, ಹೊಡೆಯಲೂಬಹುದು ಎಂದು ಕಾದ. ಹೊಡೆದಿದ್ದರೆ ಅವಳ ಕಾಲು ಹಿಡಿಯಬಹುದಿತ್ತು. ಅವಳು ತನ್ನ ಸುಲಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು; ಮಗಳನ್ನು ತೊಳೆದು ತೊಳೆದು ಅವೂ ಸುಲಿದಿದ್ದವು ಎಂಬುದನ್ನು ಅವನು ಇಷ್ಟು ದಿನ ಗಮನಿಸಿರಲಿಲ್ಲ.

"ಕೊಡಿ," ಎಂದಳು. ದಿನಾ ಮಾತಾಡುವ ಧ್ವನಿಯಲ್ಲೇ. "ಕಾಯ್ತಿದಾಳೆ."

ಅವನ ಕೈ ಜೇಬಿಗೆ ಹೋಯಿತು. ಶಿಬಿರದವರು ಸೀಸದ ವಿಷಯ ಹೇಳಿ ಕಳಿಸಿದ ದಿನವೇ ಪೆಪ್ಪರಮೆಂಟು ಇಟ್ಟುಕೊಳ್ಳುವುದನ್ನು ಬಿಟ್ಟಿದ್ದ. ಜೇಬಿನ ತಳದಲ್ಲಿ ಶಿಳ್ಳೆ ಇತ್ತು, ಬಸ್ಸಿನ ಚೀಟಿಗಳಿದ್ದವು. ಬೆರಳು ಮೂಲೆ ಮೂಲೆಗಳನ್ನೂ ತಡಕಿ ಬರಿದಾಗಿಯೇ ಹೊರಗೆ ಬಂತು. ಗಿಣಿ ಆ ಬರಿಗೈಯನ್ನು ನೋಡಿದಳು. ಬಾಯಿ ಮುಚ್ಚಿದಳು. ಮುಖ ಬಾಡಲಿಲ್ಲ, ಹಟ ಮಾಡಲಿಲ್ಲ. ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ತಟ್ಟೆಯ ಹತ್ತಿರ ಹೋಗಿ, ಮತ್ತೆ ಮಂಡಿಯೂರಿ, ದೂರದ ಅಂಚಿನಿಂದ, ಇನ್ನೂ ನುಣ್ಣಗೆ, ಮೊದಲಿನಿಂದ ಸವರತೊಡಗಿದಳು.